ನಕಲಿ ಅಪ್ಪ, ಅಸಲಿ ಮಗ

ಒಬ್ಬರು: ಹಳೆಯ ಹಾಲಿವುಡ್ಡಿನಲ್ಲಿ ಚೀನೀಯರಿಗೆ ಆದ ಅನ್ಯಾಯದ ಬಗ್ಗೆ ಬರೆಯುವುದಾದರೆ ನಟಿ ಅನ್ನಾ ಮೇ ವಾಂಗ್ ಇದ್ದಾಳಲ್ಲ. ಪರ್ಲ್ ಬಕ್‌ಳ ಕಾದಂಬರಿಯನ್ನು ಆಧರಿಸಿದ ‘ದಿ ಗುಡ್ ಅರ್ತ್’ ಚಿತ್ರವನ್ನು ಎಂಜಿಎಂ 1937ರಲ್ಲಿ ತೆರೆಗೆ ತಂದಾಗ, ಚೀನಾದ ರೈತ ದಂಪತಿಯಾಗಿ ಬಣ್ಣ ಹಚ್ಚಿಕೊಂಡು ನಿಂತವರು ಪಾಲ್ ಮುನಿ ಮತ್ತು ಲೂಯಿಸ್ ರೈನರ್. ರೈನರ್‌ಗೆ ಆಸ್ಕರ್ ಕೂಡ ಬಂತು. ವಾಂಗ್‌ಗೆ ತೋರಿಸಿದ್ದು ಮನೆ ಮುರಿಯುವ ಎರಡನೇ ಹೆಂಡತಿಯ ಪಾತ್ರ. ಆಕೆ ಒಲ್ಲೆ ಎಂದಳು. ಅಲ್ಲೊಂದು ದುರಂತವಿದೆ, ಒಂದು ನಿರಾಕರಣೆಯಿದೆ, ಬರೆಯುವವರಿಗೆ ವಸ್ತುವಿದೆ. ನೀವು ಎತ್ತಿಕೊಂಡಿರುವ ಕೀ ಲ್ಯೂಕ್ ಅದೇ ಚಿತ್ರದಲ್ಲಿ ರೈತನ ಹಿರಿಯ ಮಗನಾಗಿ ಬಂದವನು. ಅವನು ಒಲ್ಲೆ ಎನ್ನಲಿಲ್ಲ. ಕೊಟ್ಟದ್ದನ್ನು ಮಾಡಿದ, 1934ರಿಂದ 1990ರ ತನಕ ಮಾಡುತ್ತಲೇ ಇದ್ದ. ಅವನಲ್ಲಿ ನಿಮಗೆ ಕಂಡದ್ದಾದರೂ ಏನು?

ಇನ್ನೊಬ್ಬರು: ಕಂಡದ್ದಕ್ಕಿಂತ ಕೇಳಿಸಿದ್ದು ಹೆಚ್ಚು. ವಾಂಗ್‌ಗೆ ಆದ ಅನ್ಯಾಯದ ಲೆಕ್ಕವನ್ನು ನಾನು ಅಳಿಸಲು ಹೊರಟಿಲ್ಲ. ಆದರೆ ಕೈತಪ್ಪಿದ ಪಾತ್ರಗಳ ಪಟ್ಟಿಯನ್ನೇ ಚರಿತ್ರೆ ಎಂದುಕೊಂಡರೆ, ಕೈಗೆ ಸಿಕ್ಕ ಪಾತ್ರದಲ್ಲಿ ನಟನೊಬ್ಬ ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. ಲ್ಯೂಕ್ ಹುಟ್ಟಿದ್ದು 1904ರ ಜೂನ್ 18ರಂದು, ಚೀನಾದ ಗ್ವಾಂಗ್‌ಝೌನಲ್ಲಿ. ಪಾಶ್ಚಾತ್ಯರು ಆಗ ಅದನ್ನು ಕ್ಯಾಂಟನ್ ಎನ್ನುತ್ತಿದ್ದರು. ಬೆಳೆದದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಅಪ್ಪನಿಗೆ ಅಲ್ಲಿ ಕಲಾವಸ್ತುಗಳ ಅಂಗಡಿ, ಮಗನ ಕೈಯಲ್ಲಿ ಕುಂಚ. ಆಮೇಲೆ ಲಾಸ್ ಏಂಜಲೀಸ್‌ಗೆ ಬಂದು ಸಿನಿಮಾ ಕಂಪನಿಗಳಿಗೆ ಜಾಹೀರಾತು ಚಿತ್ರ ಬರೆಯತೊಡಗಿದ. ಗ್ರೌಮನ್ಸ್ ಚೈನೀಸ್ ಥಿಯೇಟರ್‌ಗೆ ಚಿತ್ರ ಬರೆದ, 1933ರ ‘ಕಿಂಗ್ ಕಾಂಗ್’ನ ಪ್ರಚಾರ ಪುಸ್ತಿಕೆಗೂ ಬರೆದ. ಮೂವತ್ತು ತುಂಬುವ ತನಕ ಆತ ಸಿನಿಮಾದ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದವನು ಎನ್ನಬಹುದು. 1934ರಲ್ಲಿ ಗ್ರೇಟಾ ಗಾರ್ಬೋ ನಾಯಕಿಯಾಗಿದ್ದ ‘ದಿ ಪೇಂಟೆಡ್ ವೇಲ್’ನಲ್ಲಿ ಸಣ್ಣದೊಂದು ಪಾತ್ರ ಸಿಕ್ಕಿತು. ಮರುವರ್ಷ ಫಾಕ್ಸ್ ಕಂಪನಿ ‘ಚಾರ್ಲಿ ಚಾನ್ ಇನ್ ಪ್ಯಾರಿಸ್’ ಚಿತ್ರದಲ್ಲಿ ಹೊನೊಲುಲು ಪತ್ತೇದಾರ ಚಾನ್‌ನ ಹಿರಿಯ ಮಗ ಲೀ ಆಗಿ ಅವನನ್ನು ನಿಲ್ಲಿಸಿತು. ಅಪ್ಪನ ಪಾತ್ರದಲ್ಲಿದ್ದವನು ವಾರ್ನರ್ ಓಲಂಡ್. ಸ್ವೀಡನ್‌ನಲ್ಲಿ ಹುಟ್ಟಿದವನು, ಕೆಲವೇ ವರ್ಷ ಮುಂಚೆ ಕೇಡಿಗ ಫೂ ಮಾಂಚೂ ಆಗಿ ವೇಷ ಕಟ್ಟಿದ್ದವನು. ಈ ಅಪ್ಪ ಬಾಯಿ ತೆರೆದರೆ ಮುರುಕು ಇಂಗ್ಲಿಷ್. ‘ಎ’ ಇಲ್ಲ, ‘ದಿ’ ಇಲ್ಲ, ಮಾತಿಗೊಂದು ಗಾದೆ. ಮಗ ಬಾಯಿ ತೆರೆದರೆ ‘ಜೀ, ಪಾಪ್!’ ಎಂದು ಶುರು, ಆಮೇಲೆ ಯಾವುದೇ ಅಮೆರಿಕನ್ ಕಾಲೇಜು ಹುಡುಗನ ಬಡಬಡಿಕೆ, ಪಡ್ಡೆ ಮಾತು, ಅವಸರ. ನನ್ನ ವಾದ ಇಷ್ಟೇ: ಚೀನೀ ಮುಖವೊಂದು ಅಮೆರಿಕದ ದನಿಯಲ್ಲಿ ಮಾತಾಡುವುದು ವಿಚಿತ್ರವೇನಲ್ಲ ಎಂದು ಚಿತ್ರದಿಂದ ಚಿತ್ರಕ್ಕೆ ಜನರ ಕಿವಿಗೆ ರೂಢಿ ಮಾಡಿಸಿದವನು ಲ್ಯೂಕ್. ನಾಯಕನ ಜಾಗದಲ್ಲಿ ನಿಂತು ಅದನ್ನು ಮಾಡಲು ಆ ಕಾಲ ಬಿಡುತ್ತಿರಲಿಲ್ಲ. ಪೋಷಕ ನಟನಿಗೆ ಬಿಟ್ಟಿತು, ಅವನನ್ನು ಯಾರೂ ಅಷ್ಟಾಗಿ ಗಮನಿಸದ ಕಾರಣ.

ಒಬ್ಬರು: ರೂಢಿ ಮಾಡಿಸಿದ್ದು ಏನನ್ನು ಸ್ವಾಮಿ? ಲೀ ಚಾನ್ ಒಬ್ಬ ಪೆದ್ದ. ಹೋಗಬಾರದ ಕೋಣೆಗೆ ನುಗ್ಗುತ್ತಾನೆ, ಹಿಡಿಯಬಾರದವನನ್ನು ಹಿಡಿಯುತ್ತಾನೆ, ಕೊನೆಗೆ ಅಪ್ಪನ ಕೈಲಿ ಅನ್ನಿಸಿಕೊಳ್ಳುತ್ತಾನೆ. ಜನ ನಗಲೆಂದು ಇಟ್ಟ ಪಾತ್ರ ಅದು. ಪ್ರಣಯದ ವಿಷಯಕ್ಕೆ ಬಂದರಂತೂ ಬೇಲಿ ಇನ್ನೂ ಬಿಗಿ. ಹಾಲಿವುಡ್ಡಿನ ನಿರ್ಮಾಣ ಸಂಹಿತೆ ಕಟ್ಟುನಿಟ್ಟಾಗಿ ಜಾರಿಯಾದದ್ದು ಲ್ಯೂಕ್ ನಟನೆಗೆ ಬಂದ 1934ರಲ್ಲೇ. ಕರಿಯರ ಮತ್ತು ಬಿಳಿಯರ ನಡುವಿನ ಸಂಬಂಧಕ್ಕೆಂದು ಬರೆದ ನಿಷೇಧವನ್ನು ಕಂಪನಿಗಳು ಏಷ್ಯಾದವರ ತನಕ ಎಳೆದವು. ಹಾಗಾಗಿ ‘ಚಾರ್ಲಿ ಚಾನ್ ಅಟ್ ದ ಸರ್ಕಸ್’ನಲ್ಲಿ ಲೀ ಹಿಂದೆ ಬೀಳುವ ಹುಡುಗಿ ಮೈ ಬಳುಕಿಸುವ ಚೀನೀ ಕಲಾವಿದೆಯೇ ಆಗಬೇಕಾಯಿತು. ಭಾಷೆ ಅಮೆರಿಕದ್ದು, ಬೇಲಿ ಚೀನೀಯರದ್ದು. ಇದನ್ನು ಸಾಧನೆ ಎಂದರೆ ಹೇಗೆ?

ಇನ್ನೊಬ್ಬರು: ಬೇಲಿ ಇತ್ತು ಎಂದು ಒಪ್ಪಿದೆ. ಪೆದ್ದ ಎಂಬ ಮಾತನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡೋಣ. ಆಗಿನ ಅಮೆರಿಕನ್ ಸಿನಿಮಾದಲ್ಲಿ ಚೀನೀ ಗಂಡಸಿಗೆ ಮೀಸಲಾಗಿದ್ದ ಕುರ್ಚಿಗಳು ಎರಡೋ ಮೂರೋ. ಒಂದು ಫೂ ಮಾಂಚೂವಿನದು, ಲೋಕ ನುಂಗಲು ಹೊಂಚು ಹಾಕುವ ಖಳನದು. ಇನ್ನೊಂದು ಅಡುಗೆಯವನದು. ಲ್ಯೂಕ್ ಹುಟ್ಟಿದ ಊರಿನಲ್ಲೇ ಹುಟ್ಟಿದ ವಿಲ್ಲಿ ಫಂಗ್ ಎಂಬ ನಟನಿದ್ದ. ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಂದ. ಹೆಚ್ಚುಪಾಲು ಅಡುಗೆಭಟ್ಟನಾಗಿ, ಮನೆಯಾಳಾಗಿ, ಅರೆಬರೆ ಇಂಗ್ಲಿಷಿನಲ್ಲಿ ಕಿಸಕ್ಕನೆ ನಗುವವನಾಗಿ. 1932ರ ‘ರೆಡ್ ಡಸ್ಟ್’ ನೋಡಿದರೆ ಸಾಕು, ಆ ಕುರ್ಚಿ ಎಷ್ಟು ಇಕ್ಕಟ್ಟಿನದು ಎಂದು ಗೊತ್ತಾಗುತ್ತದೆ. ಇವೆರಡಕ್ಕೂ ಉತ್ತರವೆಂಬಂತೆ ಬಂದ ಮೂರನೆಯದು ಚಾರ್ಲಿ ಚಾನ್‌ನದು, ಗಾದೆ ನುಡಿಯುವ ಸಜ್ಜನನದು. ಖಳ, ಆಳು, ಸಜ್ಜನ, ಈ ಮೂವರಿಗೂ ಸಮಾನವಾದ ಗುಣ ಒಂದೇ: ಮೂವರೂ ಹೊರಗಿನವರು, ಇಂಗ್ಲಿಷ್ ಮೂವರ ಬಾಯಲ್ಲೂ ಹೊರಗಿನದು. ಲೀಯ ಪೆದ್ದುತನ ಬೇರೆ ಜಾತಿಯದು. ಅವನು ತಪ್ಪು ಮಾಡುವುದು ಚೀನೀಯನೆಂಬ ಕಾರಣಕ್ಕಲ್ಲ, ಹುಡುಗನೆಂಬ ಕಾರಣಕ್ಕೆ. ಅಪ್ಪನಿಗಿಂತ ತನಗೆ ಹೆಚ್ಚು ಗೊತ್ತು ಎಂದುಕೊಂಡಿರುವ ಮಗ ಯಾವ ಊರಲ್ಲಿ ಇಲ್ಲ? ಪ್ರೇಕ್ಷಕ ನಕ್ಕಾಗ ತನ್ನ ಮನೆಯ ಹುಡುಗನನ್ನು ನೆನೆದು ನಗುವ ಸಾಧ್ಯತೆಯಾದರೂ ಅಲ್ಲಿತ್ತು. ಅಡುಗೆಯವನನ್ನು ನೋಡಿ ನಗುವಾಗ ಅದು ಇರಲಿಲ್ಲ.

ಇನ್ನು 1937ರ ‘ಚಾರ್ಲಿ ಚಾನ್ ಅಟ್ ದಿ ಒಲಿಂಪಿಕ್ಸ್’ ತೆಗೆದುಕೊಳ್ಳಿ. ಕಥೆ ನಡೆಯುವುದು ಹಿಟ್ಲರ್‌ನ ಬರ್ಲಿನ್‌ನಲ್ಲಿ ನಡೆದ 1936ರ ಕ್ರೀಡಾಕೂಟದ ಸುತ್ತ. ಲೀ ಚಾನ್ ಅಲ್ಲಿಗೆ ಹೋಗುವುದು ಅಮೆರಿಕದ ಈಜು ತಂಡದ ಸದಸ್ಯನಾಗಿ. ಈಗ ಕಾಯ್ದೆ ಪುಸ್ತಕ ತೆರೆಯಿರಿ. 1882ರ ಚೀನೀ ಬಹಿಷ್ಕಾರ ಕಾಯ್ದೆ ಚೀನೀ ಕೂಲಿಕಾರರ ವಲಸೆಯನ್ನು ತಡೆದದ್ದಷ್ಟೇ ಅಲ್ಲ, ಚೀನಾದಲ್ಲಿ ಹುಟ್ಟಿದ ಚೀನೀಯನಿಗೆ ಯಾವ ನ್ಯಾಯಾಲಯವೂ ಅಮೆರಿಕದ ಪೌರತ್ವ ಕೊಡಕೂಡದು ಎಂದಿತು. ಅಮೆರಿಕದ ನೆಲದಲ್ಲಿ ಹುಟ್ಟಿದವನ ಪೌರತ್ವವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1898ರಲ್ಲಿ ವಾಂಗ್ ಕಿಮ್ ಆರ್ಕ್ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಹಾಗಾಗಿ ಕಥೆಯ ಲೀ, ಹವಾಯಿಯ ಹುಡುಗ, ನಿಸ್ಸಂದೇಹವಾಗಿ ಅಮೆರಿಕನ್. ಪಾತ್ರ ಮಾಡಿದ ಲ್ಯೂಕ್ ಅಲ್ಲ. ಬೆಳೆದದ್ದೆಲ್ಲ ಸಿಯಾಟಲ್‌ನಲ್ಲಾದರೂ ಅರ್ಜಿ ಹಾಕುವ ಹಕ್ಕೇ ಅವನಿಗಿರಲಿಲ್ಲ. ಬಹಿಷ್ಕಾರ ರದ್ದಾದದ್ದು 1943ರ ಡಿಸೆಂಬರ್‌ನಲ್ಲಿ, ಅದೂ ವರ್ಷಕ್ಕೆ 105 ಚೀನೀಯರು ಬರಬಹುದು ಎಂಬ ಲೆಕ್ಕದ ಜೊತೆ. ಲ್ಯೂಕ್ ಪೌರನಾದದ್ದು 1944ರಲ್ಲಿ, ನಲವತ್ತರ ವಯಸ್ಸಿನಲ್ಲಿ. ಸರ್ಕಾರ ಯಾರನ್ನು ತನ್ನವನು ಎನ್ನಲು ಒಪ್ಪಿರಲಿಲ್ಲವೋ ಅವನು ಅದೇ ಸರ್ಕಾರದ ತಂಡದಲ್ಲಿ ಈಜುಗಾರನಾಗಿ ತೆರೆಯ ಮೇಲೆ ಇಳಿದ. ಒಬ್ಬ ಪ್ರೇಕ್ಷಕನೂ ಇದು ಸುಳ್ಳು ಎಂದು ಎದ್ದು ಹೋದಂತಿಲ್ಲ. ಕಾಯ್ದೆಗಿಂತ ಆರು ವರ್ಷ ಮೊದಲೇ ಕಿವಿ ಒಪ್ಪಿತ್ತು.

ಒಬ್ಬರು: ಚೆನ್ನಾಗಿ ಹೇಳಿದಿರಿ, ಆದರೆ ಕಿವಿ ಒಪ್ಪಿದ್ದು ಯಾರ ಪಕ್ಕದಲ್ಲಿ ನಿಂತಾಗ? ಚೀನೀಯನ ವೇಷ ಕಟ್ಟಿದ ಸ್ವೀಡನ್ನಿನವನ ಪಕ್ಕದಲ್ಲಿ. ಇದು ಇನ್ನೂ ಗಂಭೀರ ಆಕ್ಷೇಪ. ನಕಲಿ ನಾಣ್ಯ ಚಲಾವಣೆ ಆಗಬೇಕಾದರೆ ಪಕ್ಕದಲ್ಲಿ ನಾಲ್ಕು ಅಸಲಿ ನಾಣ್ಯ ಇರಬೇಕು. ‘ಅಪ್ಪಾ’ ಎಂದು ಕರೆಯಲು ನಿಜವಾದ ಚೀನೀ ಮಗ ಸಿಕ್ಕಿದ್ದರಿಂದಲೇ ಓಲಂಡ್‌ನ ವೇಷಕ್ಕೆ ಪ್ರಮಾಣಪತ್ರ ಸಿಕ್ಕಿತು. ಲ್ಯೂಕ್ ಇಲ್ಲದಿದ್ದರೆ ಆ ವೇಷ ವೇಷವಾಗಿಯೇ ಕಾಣುತ್ತಿತ್ತು.

ಇನ್ನೊಬ್ಬರು: ಕಾಣುತ್ತಿರಲಿಲ್ಲ. ಓಲಂಡ್ ಚಾನ್ ಆದದ್ದು 1931ರಲ್ಲಿ, ಲ್ಯೂಕ್ ಬರುವ ನಾಲ್ಕು ವರ್ಷ ಮುಂಚೆ; ಆಗಲೇ ಅವನು ಗೆದ್ದಿದ್ದ. ಅದಕ್ಕೂ ಮುಂಚೆ, 1926ರಲ್ಲಿ ಜಾರ್ಜ್ ಕುವಾ, 1927ರಲ್ಲಿ ಸೋಜಿನ್ ಎಂಬ ಜಪಾನೀ ನಟರು ಚಾನ್ ಆಗಿ ಬಂದರು, ಯಾರ ನೆನಪಿನಲ್ಲೂ ಉಳಿಯಲಿಲ್ಲ. ಇನ್ನೂ ಕಸಿವಿಸಿಯಾಗುವ ಮಾತೊಂದಿದೆ. ಚಾನ್ ಚಿತ್ರಗಳು ಚೀನಾದಲ್ಲೇ ಜನಪ್ರಿಯವಾಗಿದ್ದವು. 1936ರಲ್ಲಿ ಓಲಂಡ್ ಶಾಂಘೈಗೆ ಹೋದಾಗ ಅವನನ್ನು ಆದರದಿಂದ ಬರಮಾಡಿಕೊಂಡರು. ಸ್ವಲ್ಪ ಕಾಲದಲ್ಲೇ ಶಾಂಘೈಯವರು ತಮ್ಮದೇ ಚಾನ್ ಚಿತ್ರಗಳನ್ನು ತೆಗೆದರು, ಅವುಗಳಲ್ಲಿನ ಚೀನೀ ನಟ ಓಲಂಡ್‌ನ ಹಾವಭಾವವನ್ನೇ ಅನುಕರಿಸಿದ. ಚೀನೀಯನನ್ನು ಅನುಕರಿಸಿದ ಸ್ವೀಡನ್ನಿನವನನ್ನು ಅನುಕರಿಸಿದ ಚೀನೀಯ! ಫೂ ಮಾಂಚೂವಿನಿಂದ ರೋಸಿಹೋಗಿದ್ದವರಿಗೆ, ಯಾರನ್ನೂ ಕೊಲ್ಲದೆ ಕೊಲೆಗಾರನನ್ನು ಹಿಡಿದುಕೊಡುವ ಚೀನೀಯನೊಬ್ಬ ತೆರೆಯ ಮೇಲೆ ಬಂದದ್ದೇ ಸಮಾಧಾನವಾಗಿತ್ತೇನೋ. ಇದನ್ನು ಓಲಂಡ್ ಪರ ವಕಾಲತ್ತು ಎಂದು ತಿಳಿಯಬೇಡಿ. ಆ ವೇಷಕ್ಕೆ ಲ್ಯೂಕ್‌ನ ಸಾಕ್ಷಿ ಬೇಕಿರಲಿಲ್ಲ ಎನ್ನುವುದಷ್ಟೇ ನನ್ನ ಮಾತು.

ನಿಮ್ಮ ನಾಣ್ಯದ ಹೋಲಿಕೆಯನ್ನೇ ತಿರುಗಿಸಿ ನೋಡಿ. ಅಸಲಿಯ ಪಕ್ಕ ನಕಲಿಯನ್ನಿಟ್ಟರೆ ತೂಕ ಗೊತ್ತಾಗುವುದೂ ಉಂಟು. ಕಣ್ಣು ಮುಚ್ಚಿಕೊಂಡು ಒಂದು ದೃಶ್ಯ ಕೇಳಿ. ಚೀನೀ ದನಿಯೆಂದು ಹಾಲಿವುಡ್ ಕಲ್ಪಿಸಿಕೊಂಡ ದನಿ ಸ್ವೀಡನ್ನಿನವನ ಬಾಯಿಂದ ಬರುತ್ತದೆ. ಅಚ್ಚ ಅಮೆರಿಕದ ದನಿ ಗ್ವಾಂಗ್‌ಝೌನಲ್ಲಿ ಹುಟ್ಟಿದವನ ಬಾಯಿಂದ ಬರುತ್ತದೆ. ಚಹರೆಗೂ ಭಾಷೆಗೂ ಕಟ್ಟಿದ ಗಂಟು ಎಂಥ ಕಟ್ಟುಕಥೆ ಎಂದು ಹೇಳಲು ಬೇರೆ ಪ್ರಬಂಧ ಬೇಕಿಲ್ಲ, ಆ ಎರಡು ನಿಮಿಷ ಸಾಕು. ಆಗಿನ ಪ್ರೇಕ್ಷಕರಿಗೆ ಇದು ಹೊಳೆಯಿತೇ ಎಂದರೆ, ಬಹುಪಾಲು ಜನಕ್ಕೆ ಹೊಳೆದಿರಲಾರದು. ಆದರೆ ಕಂಪನಿಗೆ ಆ ದನಿಯ ಬೆಲೆ ಗೊತ್ತಿತ್ತು. ಓಲಂಡ್ ಜೊತೆ ಲ್ಯೂಕ್ ಎಂಟು ಚಿತ್ರಗಳಲ್ಲಿ ಲೀ ಆಗಿದ್ದ. 1938ರ ಆರಂಭದಲ್ಲಿ ಓಲಂಡ್ ಚಿತ್ರೀಕರಣದ ನಡುವೆಯೇ ಹೊರನಡೆದಾಗ ಫಾಕ್ಸ್ ಆ ಕಥೆಯನ್ನು ಎಸೆಯಲಿಲ್ಲ. ತನ್ನ ಇನ್ನೊಬ್ಬ ಪತ್ತೇದಾರ ಮಿಸ್ಟರ್ ಮೋಟೋಗೆ ಹೊಂದಿಸಿ ‘ಮಿಸ್ಟರ್ ಮೋಟೋಸ್ ಗ್ಯಾಂಬಲ್’ ಎಂದು ಬಿಡುಗಡೆ ಮಾಡಿತು. ಮೋಟೋ ಜಪಾನೀಯ, ಪಾತ್ರಧಾರಿ ಪೀಟರ್ ಲೋರಿ, ಹುಟ್ಟಿದ್ದು ಆಸ್ಟ್ರಿಯಾ-ಹಂಗೆರಿಯಲ್ಲಿ. ಅಪ್ಪ ಬದಲಾದ, ದೇಶ ಬದಲಾಯಿತು, ಆದರೆ ಲೀ ಚಾನ್ ಲೀ ಚಾನ್ ಆಗಿಯೇ ಉಳಿದ, ಮೋಟೋನ ಶಿಷ್ಯನಾಗಿ. ಅದೇ ವರ್ಷ ಆಗಸ್ಟ್‌ನಲ್ಲಿ ಓಲಂಡ್ ತೀರಿಕೊಂಡ. ಚಾನ್ ಆಗಿ ಸಿಡ್ನಿ ಟೋಲರ್ ಬಂದ, ಮಗನಾಗಿ ವಿಕ್ಟರ್ ಸೆನ್ ಯುಂಗ್, ಅವನ ನಂತರ ಬೆನ್ಸನ್ ಫಾಂಗ್. ಇಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು, ಇಬ್ಬರೂ ಆಡಿದ್ದು ಲ್ಯೂಕ್ ಹಾಕಿಕೊಟ್ಟ ಧಾಟಿಯ ಮಾತು. ಟೋಲರ್ ಸತ್ತ ಮೇಲೆ ಮೊನೊಗ್ರಾಂ ಕಂಪನಿಯ ರೋಲಂಡ್ ವಿಂಟರ್ಸ್ ಚಾನ್ ಆದಾಗ, ‘ದಿ ಫೆದರ್ಡ್ ಸರ್ಪೆಂಟ್’ ಮತ್ತು ‘ದಿ ಸ್ಕೈ ಡ್ರ್ಯಾಗನ್’ಗಾಗಿ ಲ್ಯೂಕ್‌ನನ್ನು ಮತ್ತೆ ಕರೆಸಿದರು. ಆಗ ‘ಹುಡುಗ’ ಲೀಗೆ ನಲವತ್ತನಾಲ್ಕು. ವಿಂಟರ್ಸ್ ಹುಟ್ಟಿದ್ದು 1904ರ ನವೆಂಬರ್‌ನಲ್ಲಿ. ಅಪ್ಪ ಮಗನಿಗಿಂತ ಐದು ತಿಂಗಳು ಚಿಕ್ಕವನು.

ಒಬ್ಬರು: ಈ ಕೊನೆಯ ಮಾತು ನನ್ನ ಕಡೆಯ ಸಾಕ್ಷಿ ಆಯಿತಲ್ಲ! ನಲವತ್ತನಾಲ್ಕರ ಗಂಡಸನ್ನು ಇನ್ನೂ ಮಗನನ್ನಾಗಿಯೇ ಇಟ್ಟರು. ಬೆಳೆಯಲು ಬಿಡಲಿಲ್ಲ.

ಇನ್ನೊಬ್ಬರು: ಒಂದೇ ಒಂದು ಸಲ ಬಿಟ್ಟರು. ನಮ್ಮ ಮಾತು ನಿಲ್ಲಬೇಕಾದದ್ದು ಅಲ್ಲಿ. ಮೊನೊಗ್ರಾಂನಲ್ಲಿ ಜೇಮ್ಸ್ ಲೀ ವಾಂಗ್ ಎಂಬ ಚೀನೀ ಪತ್ತೇದಾರನ ಚಿತ್ರಮಾಲೆಯಿತ್ತು. ಫ್ರಾಂಕೆನ್‌ಸ್ಟೈನ್‌ನ ದೈತ್ಯನಾಗಿ ಹೆಸರಾದ ಬೋರಿಸ್ ಕಾರ್ಲಾಫ್ ಐದು ಚಿತ್ರಗಳಲ್ಲಿ ಆ ವೇಷ ಹಾಕಿದ. ಆರನೆಯದಕ್ಕೆ, 1940ರ ‘ಫ್ಯಾಂಟಮ್ ಆಫ್ ಚೈನಾಟೌನ್’ಗೆ, ಕಾರ್ಲಾಫ್ ಜಾಗದಲ್ಲಿ ಲ್ಯೂಕ್ ಬಂದ. ಮೂರನೇ ದರ್ಜೆಯ ಕಂಪನಿ, ನಾಲ್ಕು ಕಾಸಿನ ಬಂಡವಾಳ, ಗೋಡೆ ಮುಟ್ಟಿದರೆ ಅಲ್ಲಾಡುವಂಥ ಸೆಟ್ಟು. ಆದರೂ ಮಾತಿನ ಅಮೆರಿಕನ್ ಸಿನಿಮಾದಲ್ಲಿ ಚೀನೀ ಪತ್ತೇದಾರನನ್ನು ಚೀನೀ ನಟನೇ ನಾಯಕನಾಗಿ ಮಾಡಿ, ಗಾದೆಯಿಲ್ಲದೆ, ಎಳೆದ ದನಿಯಿಲ್ಲದೆ, ಸೂಟು ತೊಟ್ಟು ಪೊಲೀಸ್ ಅಧಿಕಾರಿಯೊಂದಿಗೆ ಸರಿಸಮನಾಗಿ ಮಾತಾಡಿದ್ದು ಅಲ್ಲಿ. ಕಥೆಯಲ್ಲಿ ಅಮೆರಿಕದ ವಿದ್ವಾಂಸರ ತಂಡವೊಂದು ಮಂಗೋಲಿಯಾದ ಮರುಭೂಮಿಗೆ ಹೋಗಿ ಚಕ್ರವರ್ತಿಯ ಸಮಾಧಿ ಅಗೆಯುತ್ತದೆ. ಆ ವಿಷಯ ಬಂದಾಗ ಚಿತ್ರದಲ್ಲೊಂದು ಚುಚ್ಚುಮಾತು ಬರುತ್ತದೆ: ಇದಕ್ಕೆ ಬದಲಾಗಿ ಚೀನಾದವರ ತಂಡ ಬಂದು ಜಾರ್ಜ್ ವಾಷಿಂಗ್ಟನ್‌ನ ಹೆಣ ತೆಗೆಯುತ್ತಿದೆ ಎಂಬರ್ಥದ್ದು. 1940ರಲ್ಲಿ, ಅಗ್ಗದ ಪತ್ತೇದಾರಿ ಚಿತ್ರದಲ್ಲಿ! ದೊಡ್ಡ ಕಂಪನಿಯ ದೊಡ್ಡ ಚಿತ್ರದಲ್ಲಿ ಆ ಸಾಲು ಬದುಕುತ್ತಿರಲಿಲ್ಲ. ಯಾರೂ ನೋಡದ ಮೂಲೆಯಲ್ಲಿ ಹೇಳಬಹುದಾದದ್ದನ್ನು ನಡುಮನೆಯಲ್ಲಿ ಹೇಳಲಾಗದು.

ಒಬ್ಬರು: ಅದಾದ ಮೇಲೆ?

ಇನ್ನೊಬ್ಬರು: ಆ ಚಿತ್ರಮಾಲೆಯೇ ನಿಂತುಹೋಯಿತು.

ಒಬ್ಬರು: ಅದನ್ನೇ ನಾನು ಹೇಳುತ್ತಿರುವುದು. ಒಂದು ಚಿತ್ರ, ಆಮೇಲೆ ಬಾಗಿಲು ಬಂದ್. ಅದೇ ಕಾಲದಲ್ಲಿ ನಮ್ಮ ಮೈಸೂರು ಸೀಮೆಯ ಹುಡುಗ ಸಾಬುವನ್ನು ನೋಡಿ. ಮಾವುತನ ಮಗ, 1924ರಲ್ಲಿ ಹುಟ್ಟಿದವನು. 1937ರ ‘ಎಲಿಫೆಂಟ್ ಬಾಯ್’ನಿಂದ ಶುರುಮಾಡಿ ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಎಂದು ಪೋಸ್ಟರಿನ ತುಂಬ ಅವನ ಹೆಸರು. ಚಿತ್ರ ನಡೆಯುತ್ತಿದ್ದದ್ದೇ ಅವನಿಂದ. ನಿಮ್ಮ ಲ್ಯೂಕ್ ಅಪ್ಪನ ಹಿಂದೆ ಓಡುತ್ತಿದ್ದಾಗ ಸಾಬು ಆನೆಯ ಮೇಲೆ ಕೂತಿದ್ದ. ನಾಯಕನಾಗಲು ಏಷ್ಯಾದವನಿಗೆ ಆ ಕಾಲ ಬಿಡುತ್ತಿರಲಿಲ್ಲ ಎಂಬ ನಿಮ್ಮ ಮಾತಿಗೆ ಸಾಬುವೇ ಉತ್ತರ.

ಇನ್ನೊಬ್ಬರು: ಸಾಬುವನ್ನು ತಂದದ್ದು ಒಳ್ಳೆಯದಾಯಿತು. ಆನೆಯ ಮೇಲೆ ಕೂತಿದ್ದ, ಸರಿ. ಆನೆಯಿಂದ ಇಳಿಸಿದರೆ ಎಲ್ಲಿಗೆ ಹೋಗಬೇಕಿತ್ತು? ಕಾಡು, ಮರುಭೂಮಿ, ಬಾಗ್ದಾದು, ಹೆಸರಿಲ್ಲದ ದ್ವೀಪ. ನಾಯಕನಾದ ಎಲ್ಲ ಕಡೆಯೂ ಪ್ರೇಕ್ಷಕನ ಊರಿನಿಂದ ಸಾವಿರಾರು ಮೈಲಿ ದೂರ. ಅವನು ಅಮೆರಿಕದ ಬೀದಿಯಲ್ಲಿ ಟೋಪಿ ಹಾಕಿಕೊಂಡು ಟ್ಯಾಕ್ಸಿ ಕರೆಯುವುದನ್ನು ಊಹಿಸಲು ಹಾಲಿವುಡ್ಡಿಗೆ ಆಗಲಿಲ್ಲ. ಹುಡುಗ ಬೆಳೆದು ದೊಡ್ಡವನಾದಂತೆ ಆ ದೂರದ ಲೋಕಗಳಲ್ಲೂ ಬಿಳಿಯ ನಾಯಕನ ಗೆಳೆಯನಾಗಿ ಪಕ್ಕಕ್ಕೆ ಸರಿದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ತೋಪುಗಾರನಾಗಿದ್ದ, 1944ರಲ್ಲಿ ಅಮೆರಿಕದ ಪೌರನೂ ಆದ. ಲ್ಯೂಕ್ ಪೌರನಾದ ವರ್ಷವೇ ಎಂಬುದನ್ನು ಗಮನಿಸಿ. ಆ ಕಾಗದ ಸಿಕ್ಕ ಮೇಲೂ ತೆರೆಯ ಮೇಲೆ ಸಾಬು ಅಮೆರಿಕನ್ ಆಗಲಿಲ್ಲ. 1963ರಲ್ಲಿ, ಮೂವತ್ತೊಂಬತ್ತಕ್ಕೆ, ತೀರಿಕೊಂಡ. ದೊಡ್ಡ ಪಾತ್ರ ಬೇರೆ, ಹತ್ತಿರದ ಪಾತ್ರ ಬೇರೆ. ಸಾಬುಗೆ ಸಿಕ್ಕಿದ್ದು ದೊಡ್ಡದು, ಲ್ಯೂಕ್‌ಗೆ ಸಿಕ್ಕಿದ್ದು ಹತ್ತಿರದ್ದು. 1942ರಲ್ಲಿ ಎಂಜಿಎಂನ ‘ಡಾ. ಗಿಲೆಸ್ಪೀಸ್ ನ್ಯೂ ಅಸಿಸ್ಟೆಂಟ್’ನಲ್ಲಿ ಅವನು ಡಾ. ಲೀ ವಾಂಗ್ ಹೌ, ಬ್ರೂಕ್ಲಿನ್‌ನ ಹುಡುಗ. ವ್ಯಾನ್ ಜಾನ್ಸನ್ ಮಾಡಿದ ಪಾತ್ರದೊಂದಿಗೆ ಒಂದೇ ಹುದ್ದೆಗೆ ಪೈಪೋಟಿ ನಡೆಸುವ ಯುವ ವೈದ್ಯ. ಅದರ ಮುಂದಿನ ಕೆಲವು ಚಿತ್ರಗಳಲ್ಲೂ ಅದೇ ಆಸ್ಪತ್ರೆ, ಅದೇ ಬಿಳಿ ಕೋಟು. ನಾಡಿ ಹಿಡಿಯಲು ಬಂದವನು ಚೀನೀಯ ಎಂದು ರೋಗಿ ಬೆಚ್ಚುವುದೇ ಕಥೆಯಲ್ಲ, ರೋಗಿಯ ರೋಗ ಕಥೆ.

ಒಬ್ಬರು: ಅದು ಲ್ಯೂಕ್ ಕೊಟ್ಟದ್ದಲ್ಲ, ಪರ್ಲ್ ಹಾರ್ಬರ್ ಕೊಟ್ಟದ್ದು. ಜಪಾನ್ ಬಾಂಬು ಹಾಕಿತು, ಚೀನಾ ಮಿತ್ರರಾಷ್ಟ್ರವಾಯಿತು, ಚೀನೀ ಮುಖಕ್ಕೆ ರಾತ್ರೋರಾತ್ರಿ ಬೆಲೆ ಬಂತು. 1943ರಲ್ಲಿ ಕಾಯ್ದೆ ರದ್ದಾದದ್ದೂ ಅದಕ್ಕೇ.

ಇನ್ನೊಬ್ಬರು: ಕಾಯ್ದೆಯ ವಿಷಯದಲ್ಲಿ ನಿಮ್ಮ ಮಾತೇ ಸರಿ, ಆ 105ರ ಲೆಕ್ಕದಲ್ಲಿ ಔದಾರ್ಯಕ್ಕಿಂತ ಯುದ್ಧನೀತಿಯೇ ಹೆಚ್ಚು. ಆದರೆ ಇಸವಿಗಳನ್ನು ಸಾಲಾಗಿ ಇಡಿ. ಲೀ ಚಾನ್ ಬಂದದ್ದು 1935ರಲ್ಲಿ, ವಾಂಗ್ ಪತ್ತೇದಾರ 1940ರಲ್ಲಿ. ಪರ್ಲ್ ಹಾರ್ಬರ್ 1941ರ ಡಿಸೆಂಬರ್‌ನಲ್ಲಿ. ಯುದ್ಧ ಬಂದಾಗ ಹಾಲಿವುಡ್ಡಿಗೆ ಅಮೆರಿಕದ ದನಿಯ ಚೀನೀ ವೈದ್ಯ ಬೇಕಾದ, ಅಂಥವನು ಹೇಗೆ ಮಾತಾಡುತ್ತಾನೆ ಎಂದು ಹೊಸದಾಗಿ ಕಲ್ಪಿಸಬೇಕಾದ ಕಷ್ಟ ಬರಲಿಲ್ಲ. ಏಳು ವರ್ಷದಿಂದ ಕೇಳಿದ ದನಿ ಸಿದ್ಧವಿತ್ತು. ಪೋಷಕ ನಟ ಎಂಬ ನಮ್ಮ ಮಾತು ಎಷ್ಟು ಚೆನ್ನಾಗಿದೆ ನೋಡಿ. ಅವನು ಕಥೆಯನ್ನಷ್ಟೇ ಅಲ್ಲ, ಮುಂದೆ ಬರಬಹುದಾದ ಪಾತ್ರಗಳನ್ನೂ ಸಾಕುತ್ತಾನೆ.

ಒಬ್ಬರು: ಹಾಗಾದರೆ ನನ್ನ ಕೊನೆಯ ಆಕ್ಷೇಪ ಕೇಳಿ, ಇದಕ್ಕೆ ನಿಮ್ಮಲ್ಲಿ ಉತ್ತರ ಇರಲಾರದು. ದನಿ ದನಿ ಎಂದಿರಿ. ಆ ದನಿ ಏನಾಯಿತು? 1972ರಲ್ಲಿ ‘ಕುಂಗ್ ಫೂ’ ಟಿವಿ ಸರಣಿಯಲ್ಲಿ ಲ್ಯೂಕ್ ಕುರುಡು ಗುರು ಪೋ. ಶಿಷ್ಯನನ್ನು ‘ಮಿಡತೆ’ ಎಂದು ಕರೆದು ಒಗಟು ನುಡಿಯುವವನು. 1984ರ ‘ಗ್ರೆಮ್ಲಿನ್ಸ್’ನಲ್ಲಿ ಚೈನಾಟೌನ್‌ನ ನಿಗೂಢ ಮುದುಕ ಅಂಗಡಿಕಾರ. 1990ರಲ್ಲಿ ವುಡಿ ಆ್ಯಲನ್‌ನ ‘ಆಲಿಸ್’ನಲ್ಲಿ ಮಾಯದ ಗಿಡಮೂಲಿಕೆ ಕೊಡುವ ಡಾ. ಯಾಂಗ್. ಯಾವ ಗಾದೆ ಮಾತಿನ ಚೀನೀಯನ ಎದುರು ‘ಜೀ, ಪಾಪ್’ ಎಂದು ನಿಂತಿದ್ದನೋ ಕೊನೆಗೆ ಅದೇ ಆದ. ಅದರಲ್ಲೂ ‘ಕುಂಗ್ ಫೂ’ವಿನ ಶಿಷ್ಯ ಯಾರು? ಕಥೆಯ ಪ್ರಕಾರ ಅರ್ಧ ಚೀನೀಯ, ನಟ ಡೇವಿಡ್ ಕ್ಯಾರಡೈನ್, ಬಿಳಿಯ. 1935ರಲ್ಲಿ ನಕಲಿ ಅಪ್ಪ, ಅಸಲಿ ಮಗ. 1972ರಲ್ಲಿ ಅಸಲಿ ಗುರು, ನಕಲಿ ಶಿಷ್ಯ. ಮೂವತ್ತೇಳು ವರ್ಷದಲ್ಲಿ ಕುರ್ಚಿಗಳು ಅದಲುಬದಲಾದವು, ನಡುವಿನ ಕುರ್ಚಿ ಮಾತ್ರ ಬಿಳಿಯನಿಗೇ.

ಇನ್ನೊಬ್ಬರು: ಒಪ್ಪಿದೆ. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಬೇಕಾದರೆ ನಿಮ್ಮ ವಾದಕ್ಕೆ ಇನ್ನೂ ಎರಡು ಸಾಕ್ಷಿ ನಾನೇ ಕೊಡುತ್ತೇನೆ. 1958ರ ಡಿಸೆಂಬರ್‌ನಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ‘ಫ್ಲವರ್ ಡ್ರಮ್ ಸಾಂಗ್’ ಬಂದಾಗ ಲ್ಯೂಕ್ ಅದರಲ್ಲಿ ಸಂಪ್ರದಾಯಸ್ಥ ತಂದೆ ವಾಂಗ್. ಅಮೆರಿಕದವರಾಗಿಬಿಟ್ಟ ಮಕ್ಕಳ ಜೊತೆ ಏಗುವ ಅಪ್ಪ. ಲೀ ಚಾನ್‌ನ ಕಥೆಯನ್ನೇ ಇನ್ನೊಂದು ತುದಿಯಿಂದ ಹೇಳುವ ಪಾತ್ರ. 600 ಪ್ರದರ್ಶನ ಕಂಡ ನಾಟಕ. 1961ರಲ್ಲಿ ಅದು ಸಿನಿಮಾ ಆದಾಗ ಆ ಪಾತ್ರ ಹೋದದ್ದು ಬೆನ್ಸನ್ ಫಾಂಗ್‌ಗೆ, ಚಾನ್‌ನ ಮೂರನೇ ಮಗನಾಗಿದ್ದವನಿಗೆ. ರಂಗದ ಮೇಲೆ ಹಿರಿಯ ಮಗ ಅಪ್ಪನಾದ, ತೆರೆಯ ಮೇಲೆ ಆ ಸ್ಥಾನ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನಿಗೆ ಸಿಕ್ಕಿತು. ಇನ್ನೊಂದು ಹಳೆಯದು. 1941ರಲ್ಲಿ ಸ್ಟರ್ನ್‌ಬರ್ಗ್ ತೆಗೆದ ‘ದಿ ಶಾಂಘೈ ಗೆಸ್ಚರ್’ನಲ್ಲಿ ಜೂಜುಕೋಣೆಯ ಗೋಡೆಯ ದೊಡ್ಡ ಚೀನೀ ಚಿತ್ರ ಬರೆದವನು ಲ್ಯೂಕ್. ಆ ಗೋಡೆಯ ಮುಂದೆ ಜೂಜುಮನೆಯ ಚೀನೀ ಒಡತಿಯಾಗಿ ಮೆರೆದವಳು ಓನಾ ಮನ್ಸನ್, ಆರೆಗಾನ್‌ನಲ್ಲಿ ಹುಟ್ಟಿದ ಬಿಳಿಯಳು. ಗೋಡೆ ಅಸಲಿ, ಒಡತಿ ನಕಲಿ.

ಆದರೂ ಮುದುಕನ ಪಾತ್ರಗಳ ಬಗ್ಗೆ ನಿಮ್ಮ ತೀರ್ಪಿಗೆ ಒಂದು ತಿದ್ದುಪಡಿ. ಓಲಂಡ್‌ನ ಗಾದೆಯಲ್ಲಿ ಭಾಷೆ ಬಾರದವನ ತೊಡರು ಇತ್ತು, ವ್ಯಾಕರಣವನ್ನೇ ಮುರಿದು ಕಟ್ಟಿದ್ದು. ಗುರು ಪೋನ ಮಾತಿನಲ್ಲಿ ಆ ಮುರುಕಿಲ್ಲ. ನಿಧಾನವಿದೆ, ಒಗಟಿದೆ, ಇಂಗ್ಲಿಷ್ ಮಾತ್ರ ಪೂರ್ತಿ. ಪಾತ್ರ ಹಳೆಯದಾದರೂ ಅದನ್ನು ಅಂಗವಿಕಲ ಭಾಷೆಯಲ್ಲಿ ಆಡಲು ಅವನು ಒಪ್ಪಿಕೊಳ್ಳಬೇಕಾಗಲಿಲ್ಲ. ಇದು ಸಣ್ಣ ಸಂಗತಿ ಎನ್ನುವಿರಾದರೆ ಎನ್ನಿ. ಇನ್ನೊಂದು ಸಂಗತಿ ಅದೇ 1972ರದ್ದು, ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಬೇಕು. ಹ್ಯಾನಾ-ಬಾರ್ಬೆರಾ ಕಂಪನಿ ಮಕ್ಕಳಿಗಾಗಿ ಚಾರ್ಲಿ ಚಾನ್ ಮತ್ತು ಅವನ ಮಕ್ಕಳ ವ್ಯಂಗ್ಯಚಿತ್ರ ಸರಣಿಯೊಂದನ್ನು ಮಾಡಿತು. ಅದರಲ್ಲಿ ಚಾರ್ಲಿ ಚಾನ್‌ಗೆ ದನಿ ಕೊಟ್ಟವನು ಕೀ ಲ್ಯೂಕ್. ಅಮೆರಿಕದಲ್ಲಿ ನಲವತ್ತಕ್ಕೂ ಹೆಚ್ಚು ಚಾನ್ ಚಿತ್ರಗಳಾದ ಮೇಲೆ ಆ ಪಾತ್ರ ಚೀನೀ ಮೂಲದ ನಟನಿಗೆ ದಕ್ಕಿತು, ಮುಖ ಕಾಣಿಸದ ಜಾಗದಲ್ಲಿ. ಆ ಸರಣಿಯ ಮಕ್ಕಳ ಪಾತ್ರಗಳಿಗೆ ಮೊದಲು ಏಷ್ಯಾ ಮೂಲದ ಎಳೆಯರಿಂದ ಮಾತಾಡಿಸಿದ್ದರು. ಅವರ ಉಚ್ಚಾರ ಅಮೆರಿಕದ ಮಕ್ಕಳಿಗೆ ತಿಳಿಯದು ಎಂದು ಹಲವರ ದನಿ ತೆಗೆದು ಬೇರೆಯವರಿಂದ ಮತ್ತೆ ಹೇಳಿಸಿದರು. ಹಾಗೆ ಬಂದವರಲ್ಲಿ ಮುಂದೆ ಹೆಸರಾದ ಜೋಡಿ ಫಾಸ್ಟರ್ ಒಬ್ಬಳು.

ಒಬ್ಬರು: ಅಂದರೆ ಈ ಸಲ ಅಸಲಿ ಅಪ್ಪ, ನಕಲಿ ಮಕ್ಕಳು.

ಇನ್ನೊಬ್ಬರು: ಹೌದು. ಲ್ಯೂಕ್ ಏನನ್ನು ರೂಢಿ ಮಾಡಿಸಿದ್ದ ಎಂದು ತಿಳಿಯಲು ಆ ತೀರ್ಮಾನಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಏಷ್ಯಾ ಮೂಲದ ಎಳೆಯರು ತಮ್ಮಂತೆಯೇ ಮಾತಾಡಿದ್ದನ್ನು 1972ರಲ್ಲಿ ಕಂಪನಿ ಅಮೆರಿಕನ್ ಎಂದು ಒಪ್ಪಲಿಲ್ಲ. 1935ರಲ್ಲಿ ಅದನ್ನು ಒಬ್ಬ ನಟ ಒಪ್ಪಿಸಿದ್ದ. ಬಂದದ್ದು ಹಿಂದಕ್ಕೂ ಹೋಗುತ್ತದೆ ಎಂದಾದರೆ, ಬಂದದ್ದು ತಾನಾಗಿ ಬಂದದ್ದಲ್ಲ, ಯಾರೋ ದುಡಿದು ತಂದದ್ದು.

ಒಬ್ಬರು: ಇರಲಿ. ನಾನಿನ್ನೂ ಅನ್ನಾ ಮೇ ವಾಂಗ್‌ಳ ಪಕ್ಷವೇ. ಒಲ್ಲೆ ಎಂದವಳ ಎದುರು ಹೂಂ ಎಂದವನನ್ನು ನಿಲ್ಲಿಸಿದರೆ ನನಗೆ ಒಲ್ಲೆ ಎಂದವಳೇ ದೊಡ್ಡವಳು. ಆದರೆ ಲ್ಯೂಕ್‌ನನ್ನು ಬರೀ ಹೂಂ ಎಂದವನು ಎನ್ನುವುದನ್ನು ಇನ್ನು ಬಿಡುತ್ತೇನೆ.

ಇನ್ನೊಬ್ಬರು: ಅಷ್ಟು ಸಾಕು. 1990ರ ಡಿಸೆಂಬರ್‌ನಲ್ಲಿ ಹಾಲಿವುಡ್ಡಿನ ಕಾಲುದಾರಿಯಲ್ಲಿ ಅವನ ಹೆಸರಿನ ನಕ್ಷತ್ರ ಕೂರಿಸಿದರು. 1991ರ ಜನವರಿ 12ರಂದು, ಎಂಬತ್ತಾರರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ವಿಟಿಯರ್‌ನಲ್ಲಿ ತೀರಿಕೊಂಡ. ‘ಫ್ಯಾಂಟಮ್ ಆಫ್ ಚೈನಾಟೌನ್’ ಸುಮಾರು ಒಂದು ಗಂಟೆಯ ಚಿತ್ರ. ಮೊದಲು ಅದನ್ನು ಕಿವಿಗೊಟ್ಟು ನೋಡಿ, ಆಮೇಲೆ ಜಗಳಕ್ಕೆ ಬನ್ನಿ.